ಗೌರಕ್ಕನ ಬೆಕ್ಕು ರೆಹಮತ್‌ಬಿಯ ಮನೆಗೆ ಬಂದದ್ದು

ಮೂರು ದಿನ. ಬರೇ ಮೂರು ದಿನದಾಗ ಆ ಬೆಕ್ಕು ತನ್ನ ಸೆರಗು ಹಿಡಿದು ತಿರುಗುವಂತೆ ಮಾಡುತ್ತೇನೆ ಎಂದು ರೆಹಮತ್‌ಬಿ ಓಣಿಗೆಲ್ಲ ಕೇಳುವ ಹಾಗೆ ಹೇಳಿಬಿಟ್ಟಳು. ಹೇಳದೆ ಏನು? ಅತ್ತೆಯನ್ನು ಪಳಗಿಸಿದವಳು, ಮೂವರು ನಾದಿನಿಯರನ್ನು ಪಳಗಿಸಿದವಳು, ಕಂದೀಲು ರಿಪೇರಿಯ ಕಮರುದ್ದೀನನಂಥ ಗಂಡನನ್ನು ನಲವತ್ತು ವರ್ಷ ಸಂಭಾಳಿಸಿದವಳು. ಆಕೆಯ ಮುಂದೆ ಒಂದು ಬೆಕ್ಕು ಯಾವ ಗಿಡದ ತೊಪ್ಪಲು?

"ಅದು ಮರಿ ಅಲ್ಲ, ಏಳು ವರ್ಷದ ಬೆಕ್ಕು," ಅಂದ ಕಮರುದ್ದೀನ, ಬತ್ತಿ ಕತ್ತರಿಸುತ್ತ. "ನಿನ್ನ ಮಾತು ಕೇಳಾಕ ಅದಕ್ಕೇನು ನಿನ್ನ ಜೋಡಿ ನಿಕಾಹ್ ಆಗೇತೇನು?"

"ನಿಕಾಹ್ ಆದವರು ಏನ್ ಕೇಳಾಕತ್ತೀರಿ?"

ಬೆಕ್ಕು ಪಕ್ಕದ ಮನೆಯ ಗೌರಕ್ಕನದು. ಹಳೇಹುಬ್ಬಳ್ಳಿಯ ಆ ಓಣಿಯಲ್ಲಿ ಕಾಳಿನ ವ್ಯಾಪಾರದ ಗುಡ್ಡಪ್ಪನ ಮನೆಗೂ ಕಮರುದ್ದೀನನ ಮನೆಗೂ ನಡುವೆ ಒಂದೇ ಗೋಡೆ. ಆ ಕಡೆ ಅವರ ಒಲೆ, ಈ ಕಡೆ ಇವರ ಒಲೆ. ಗುಡ್ಡಪ್ಪನ ಹೆಂಡತಿ ಗೌರಕ್ಕ ಮತ್ತು ರೆಹಮತ್‌ಬಿ ಆ ಗೋಡೆಗೆ ಬೆನ್ನು ಕೊಟ್ಟು ನಲವತ್ತು ವರ್ಷ ಮಾತಾಡಿದ್ದರು. ಮುಖ ನೋಡಿದ್ದಕ್ಕಿಂತ ದನಿ ಕೇಳಿದ್ದೇ ಹೆಚ್ಚು. ಹೋದ ಹುಣ್ಣಿಮೆಗೆ ಗೌರಕ್ಕ ಹನ್ನೆರಡು ದಿನದ ಜ್ವರದಲ್ಲಿ ಹೋಗಿಬಿಟ್ಟಳು. ಹೋಗುವ ಮುಂದೆ ರೆಹಮತ್‌ಬಿಯ ಕೈ ಹಿಡಿದು, "ಬೆಕ್ಕು ಉಪಾಸ ಕೆಡವಬ್ಯಾಡ," ಅಂದಳು. ಅಷ್ಟೇ ಮಾತು.

ಅಡಿಗೆ ಮಾಡಿಹಾಕಲು ಗಬ್ಬೂರಿನಿಂದ ಬಂದ ಗುಡ್ಡಪ್ಪನ ತಂಗಿ ಈರವ್ವನಿಗೆ ಬೆಕ್ಕು ಕಂಡರಾಗದು. "ಚೀಲದಾಗ ಕಟ್ಟಿ ರಾಯಾಪುರದ ಆಚಿ ಬಿಟ್ಟು ಬರೂಣು," ಅಂದಳು. ಆ ಮಾತು ಗೋಡೆ ದಾಟಿ ಬಂದದ್ದೇ ತಡ, ರೆಹಮತ್‌ಬಿ ಬುಟ್ಟಿ ತಗೊಂಡು ಓಡಿದಳು. ಹೊಸ ಮನೆಗೆ ತಂದ ಬೆಕ್ಕಿಗೆ ದಾರಿ ತಿಳಿಯಬಾರದಂತೆ. ಹಾಗಂತ, ಹತ್ತು ಹೆಜ್ಜೆಯ ದಾರಿಗೆ ಬುಟ್ಟಿಯ ಮೇಲೆ ದುಪಟಿ ಮುಚ್ಚಿ, ಇಡೀ ಓಣಿಯನ್ನು ಮೂರು ಸುತ್ತು ಹಾಕಿದಳು. ಬೆಕ್ಕಿಗೆ ತಲೆ ತಿರುಗಿತೋ ಇಲ್ಲವೋ, ಆಕೆಗೆ ತಿರುಗಿ ಹೊಸ್ತಿಲಲ್ಲೇ ಕುಸಿದು ಕೂತಳು. ಬೆಕ್ಕು ಬುಟ್ಟಿಯಿಂದ ಹಾರಿ ನೇರ ಅಡಿಗೆಮನೆಯ ಅಟ್ಟ ಸೇರಿತು.

ಹಾಲಿಟ್ಟರು. ಮೂಸಿಯೂ ನೋಡಲಿಲ್ಲ. ಮರುದಿನ ಖೀಮಾ ಮಾಡಿಸಿದಳು. ಬೆಕ್ಕು ಗೋಡೆಯ ಕಡೆ ಮುಖ ತಿರುವಿತು.

"ಲಿಂಗಾಯತರ ಮನಿ ಬೆಕ್ಕು, ಅತ್ತೀ. ಮಟನ್ ಮುಟ್ಟತೈತೇನ್ರಿ?" ಅಂದಳು ಸೊಸೆ ಶಹಜಹಾನಬೇಗಂ.

"ಇಲಿ ತಿಂತಿತ್ತಲ್ಲ?"

"ಅದು ಮನಿಯವರಿಗೆ ಗೊತ್ತಾಗದಂಗ."

ಖೀಮಾ ಹಾಳಾಗಬಾರದೆಂದು ಕಮರುದ್ದೀನ ಭಾಳ ಕಷ್ಟಪಟ್ಟು ಎರಡು ತಾಟು ತಿಂದ.

ಮೂರನೆಯ ದಿನ ಬೆಣ್ಣೆಯ ಪ್ರಯೋಗ. ಪಾದಕ್ಕೆ ಬೆಣ್ಣೆ ಸವರಿದರೆ ಬೆಕ್ಕು ನೆಕ್ಕುತ್ತ ಕೂಡುತ್ತದೆ, ಅಷ್ಟರಲ್ಲಿ ಮನೆಗೆ ಹೊಂದುತ್ತದೆ ಎಂದು ಯಾರೋ ಹೇಳಿದ್ದರು. ಅತ್ತೆ ಸೊಸೆ ಸೇರಿ ಅದನ್ನು ಇಳಿಸಿ, ಒಬ್ಬರು ಹಿಡಿದು ಒಬ್ಬರು ಸವರಿದರು. ನಾಲ್ಕನೆಯ ಪಾದ ಮುಗಿಯುವುದಕ್ಕೂ ಬೆಕ್ಕು ಕೈಯಿಂದ ಜಾರುವುದಕ್ಕೂ ಸರಿಹೋಯಿತು. ಹಾರಿದ್ದು ಕಮರುದ್ದೀನನ ರಿಪೇರಿ ಕೆಲಸದ ಹಲಗೆಯ ಮೇಲೆ. ನಿಲ್ಲಬೇಕೆಂದರೆ ಕಾಲು ನಿಲ್ಲಬೇಕಲ್ಲ? ಈ ತುದಿಯಿಂದ ಆ ತುದಿಗೆ ರೈಲಿನ ಹಾಗೆ ಜಾರಿಕೊಂಡು ಹೋಯಿತು. ದಾರಿಯಲ್ಲಿದ್ದ ಏಳು ಕಂದೀಲಿನ ಗಾಜುಗಳಲ್ಲಿ ಉಳಿದದ್ದು ಒಂದು. ಅದು ಮೊದಲೇ ಸೀಳಿದ್ದು.

ಕಮರುದ್ದೀನ ಚೂರುಗಳನ್ನೇ ನೋಡುತ್ತ ನಿಂತ. "ಮೂರು ದಿನಾ ಆತು. ಪಳಗಿದಂಗಾತು," ಅಂದ. "ಬೆಕ್ಕಲ್ಲ. ನಾನು."

ಇದೆಲ್ಲ ನಗುವ ಮಾತೇ. ಆದರೆ ದಿನಾ ಮುಂಜಾನೆ ಗುಡ್ಡಪ್ಪ ಹೊರಗಿನ ಕಟ್ಟೆಯ ಮೇಲೆ ಬಂದು ಕೂಡುತ್ತಿದ್ದ. ಅಂಗಡಿ ಕದ ತೆಗೆಯದೆ ತಿಂಗಳಾಗಿತ್ತು. ಅಂಗಿಯ ಗುಂಡಿ ಮೇಲೊಂದು ಕೆಳಗೊಂದು. ಕೇಳುತ್ತಿದ್ದದ್ದು ಒಂದೇ.

"ಭಾಬಿ, ತಿಂತೇನ್ರಿ?"

"ತಿಂತು ಅಣ್ಣಾ. ಹೊಟ್ಟಿ ತುಂಬ ತಿಂತು."

"ಪುಣ್ಯಾ ಮಾಡೈತಿ ಬೆಕ್ಕು," ಈರವ್ವ ಆ ಕಡೆಯ ಮನೆಯೊಳಗಿನಿಂದ ಗೊಣಗುತ್ತಿದ್ದಳು. "ಇಲ್ಲಿ ಇವ ಗಂಗಾಳ ಮುಟ್ಟವಲ್ಲ."

ಸುಳ್ಳು ಹೇಳಿ ಒಳಗೆ ಬಂದ ರೆಹಮತ್‌ಬಿ ನಾಲ್ಕನೆಯ ದಿನ ಅಟ್ಟದ ಮೇಲೆ ಕೈ ಚಾಚಿ ಬೆಕ್ಕಿನ ಬೆನ್ನು ಮುಟ್ಟಿದಳು. ಎಲುಬು ಮಣಿಸರದ ಹಾಗೆ ಬೆರಳಿಗೆ ಹತ್ತಿತು. ಆಕೆಯ ಜಂಬವೆಲ್ಲ ಅಲ್ಲೇ ಇಳಿಯಿತು. ಒಲೆಯ ಮುಂದೆ ಕೂತು, "ಗೌರಕ್ಕಾ, ನಂಗ ಆಗವಲ್ದು," ಎಂದು ಗೋಡೆಗೆ ಹೇಳಿದಳು.

ಆಗಲೇ ಆ ಕಡೆ ಈರವ್ವ ರೊಟ್ಟಿ ಬಡಿಯತೊಡಗಿದಳು. ಬೆಕ್ಕಿನ ಕಿವಿ ಎರಡೂ ನೆಟ್ಟಗಾದವು. ಎದ್ದು ಅಟ್ಟದ ಅಂಚಿಗೆ ಬಂತು. ಒಂದು ಗಳಿಗೆ ಕೇಳಿತು. ಮತ್ತೆ ಹೋಗಿ ಮಲಗಿತು.

ಅದಲ್ಲ ಎಂದು ರೆಹಮತ್‌ಬಿಗೂ ಗೊತ್ತಿತ್ತು. ಈರವ್ವನದು ಡೊಳ್ಳು ಬಾರಿಸಿದ ಹಾಗೆ. ಗೌರಕ್ಕನದು ಹಾಗಲ್ಲ. ಎರಡು ಪೆಟ್ಟು ಲಗೂ, ಒಂದು ಸಾವಕಾಶ, ಆಮೇಲೆ ಬಳೆ ಮೇಲೆ ಸರಿಸುವ ಸಪ್ಪಳ.

"ಬೇಗಂ, ಜ್ವಾಳದ ಹಿಟ್ಟು ಕೊಡು."

"ನಿಮಗ ರೊಟ್ಟಿ ಬರತೈತೇನ್ರಿ ಅತ್ತೀ?"

ಬರುತ್ತಿರಲಿಲ್ಲ. ನಲವತ್ತು ವರ್ಷ ಹಿತ್ತಲ ಕಡೆಯಿಂದ ಗೌರಕ್ಕ ಕೊಟ್ಟ ಬಿಸಿ ರೊಟ್ಟಿ ತಿಂದವಳಿಗೆ ಬಡಿಯುವ ಪ್ರಸಂಗ ಯಾಕೆ ಬರಬೇಕು? ಮೊದಲನೆಯದು ನಡುವೆ ಹರಿಯಿತು. ಎರಡನೆಯದು ಕೈಗೆ ಅಂಟಿತು. ಮೂರನೆಯದಕ್ಕೆ ಆಕೆ ರೊಟ್ಟಿಯನ್ನು ನೋಡುವುದನ್ನೇ ಬಿಟ್ಟು ಕಣ್ಣು ಮುಚ್ಚಿದಳು. ತಟ ತಟ, ತಟ್ಟ್. ಬಳೆ ಸರಿಸಿದಳು. ತಟ ತಟ, ತಟ್ಟ್.

ಕಣ್ಣು ತೆಗೆದಾಗ ಬೆಕ್ಕು ಮೊಣಕಾಲಿನ ಹತ್ತಿರ ಕೂತಿತ್ತು.

ಬಿಸಿ ರೊಟ್ಟಿ ಮುರಿದು ಹಾಲಿನಲ್ಲಿ ಅದ್ದಿ ಇಟ್ಟಳು. ತಿಂತು. ಕೈ ನಿಂತರೆ ಬೆಕ್ಕು ತಲೆ ಎತ್ತುತ್ತಿತ್ತು. ಹಾಗಾಗಿ ರೆಹಮತ್‌ಬಿ ಬಡಿದೇ ಬಡಿದಳು. ಹತ್ತು, ಹನ್ನೆರಡು, ಹದಿನಾರು. ಒಂದೊಂದು ಒಂದೊಂದು ಆಕಾರ. ಇಷ್ಟು ರೊಟ್ಟಿ ತಿನ್ನುವವರು ಯಾರು ಎಂದು ಸೊಸೆ ಬಾಯಿ ತೆರೆದವಳು, ಬಾಗಿಲ ಕಡೆ ನೋಡಿ ಸೆರಗು ಹೊದ್ದು ಸರಿದಳು.

ಗುಡ್ಡಪ್ಪ ನಿಂತಿದ್ದ. ಬರಿಗಾಲು. ಓಡಿ ಬಂದ ಏದುಸಿರು. ಒಲೆಯ ಮುಂದೆ ಕೂತವರು ಯಾರು ಎಂದು ನೋಡಿದ. ನೋಡಿ, ಹಾಗೇ ಚೌಕಟ್ಟು ಹಿಡಿದುಕೊಂಡ.

ರೆಹಮತ್‌ಬಿಯ ಕೈ ನಿಂತಿತು. "ಅಣ್ಣಾ, ನಾಕು ದಿನಾ ಸುಳ್ಳ ಹೇಳಿದ್ನಿ. ಬೆಕ್ಕು ತಿಂದದ್ದು ಇವತ್ತ."

ಆತ ಹೊಸ್ತಿಲ ಮೇಲೆ ಕೂತ. "ಬಡೀರಿ ಭಾಬಿ."

"ನಮ್ಮ ಒಲಿ ಮ್ಯಾಲಿಂದು ನೀವು..."

"ತಿನ್ನಾಕಲ್ರಿ. ಬಡೀರಿ."

ಬಡಿದಳು. ಆತ ಕಣ್ಣು ಮುಚ್ಚಿ ಕೇಳಿದ. ಅಣ್ಣನನ್ನು ಹುಡುಕಿಕೊಂಡು ಬಂದ ಈರವ್ವ ಬಾಗಿಲ ಹೊರಗೇ ನಿಂತಳು. ಹಿಟ್ಟು ಮುಗಿಯಿತು. ಆದರೂ ರೆಹಮತ್‌ಬಿ ಸ್ವಲ್ಪ ಹೊತ್ತು ಬರೀ ರೊಟ್ಟಿಹಲಗೆ ಬಡಿದಳು.

ಗುಡ್ಡಪ್ಪ ಕಣ್ಣು ತೆಗೆದು, ಕೈ ಚಾಚಿ, ಮೇಲಿನ ರೊಟ್ಟಿಯದೊಂದು ತುಣುಕು ಮುರಿದು ಬಾಯಿಗೆ ಹಾಕಿಕೊಂಡ. "ಅಣ್ಣಾ," ಅಂದಳು ಈರವ್ವ. ಆತ ಅಗಿದ. ಬಹಳ ಹೊತ್ತು ಅಗಿದ.

"ಸಪ್ಪಳ ಖರೇನ ಆಕೀದು," ಅಂದ. "ರೊಟ್ಟಿ ಮಾತ್ರ ಭಾಳ ಕೆಟ್ಟ ಆಗ್ಯಾವು, ಭಾಬಿ."

ಅಂದವನು ಇನ್ನೊಂದು ತುಣುಕು ಮುರಿದ.