ಮದುವೆ ಕಟ್ಟಿಗೆಗೆ ಗರಗಸದ ಅಲಗು

ಎರಡು ವಸ್ತು ಮುಂದಿಟ್ಟು ಒಂದನ್ನು ಆರಿಸು ಎಂದರೆ ನನಗೆ ಬೆವರು ಬರುತ್ತದೆ. ಚಪ್ಪಲಿ ಕೊಳ್ಳಲು ಹೋಗಿ, ಎಡಗಾಲಿಗೆ ಒಂದು ಜೋಡಿಯದು ಬಲಗಾಲಿಗೆ ಇನ್ನೊಂದು ಜೋಡಿಯದು ಹಾಕಿಕೊಂಡು ಅರ್ಧ ತಾಸು ನಿಂತವನು ನಾನು. ಇದು ಗೊತ್ತಿದ್ದೂ ಕಮಲಾಪುರದ ನನ್ನ ಮಾವನವರು ಗರಗಸದ ಅಲಗು ಆರಿಸುವ ಕೆಲಸ ನನಗೇ ವಹಿಸಿದರು. ಕಾರಣ ಇಷ್ಟೇ: ನಾನು ಕಲಬುರಗಿಯ ಕಚೇರಿಯೊಂದರಲ್ಲಿ ಗುಮಾಸ್ತ. ಉರ್ದು ಕಡತ ಓದುವವನಿಗೆ ಲೋಕದಲ್ಲಿ ತಿಳಿಯದ್ದೇ ಇಲ್ಲ ಎಂದು ಆಗಿನ ಜನ ನಂಬಿದ್ದರು.

ನಿಜಾಮನ ಆಳ್ವಿಕೆ ಕೊನೆಗಾಣಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದು ಎರಡು ಮೂರು ವರ್ಷವಾಗಿತ್ತು. ಮಾವನವರು ಹಳೆಯ ಪಡಸಾಲೆ ಕೆಡವಿಸಿ, ತೊಲೆ ಕಂಬಗಳನ್ನು ಅಂಗಳದಲ್ಲಿ ಒಟ್ಟಿದ್ದರು. ಎಂಟು ದಿನಕ್ಕೆ ನನ್ನ ಹೆಂಡತಿಯ ತಂಗಿಯ ಮದುವೆ. ಅಡಿಗೆಗೆ ಬೇರೆ ಒಣ ಕಟ್ಟಿಗೆ ಇರಲಿಲ್ಲ; ಅವನ್ನೇ ಕೊಯ್ಯಿಸುವುದು ಎಂದಾಯಿತು. ಊರಿನ ಹಿಟ್ಟಿನ ಗಿರಣಿಯವನು ತನ್ನ ಎಣ್ಣೆ ಎಂಜಿನ್ನಿಗೆ ದುಂಡು ಗರಗಸವೊಂದನ್ನು ಕೂಡಿಸಿದ್ದ. ಅದರ ಅಲಗು ಸವೆದಿತ್ತು. ಹೊಸದನ್ನು ನಾವೇ ತಂದುಕೊಡಬೇಕಿತ್ತು. "ಬಾಳಿಕಿ ಬರೂದು ನೋಡಿ ತರ್ರಿ ಅಳಿಯಂದ್ರ. ಬೀಗರು ಹಸಿದು ಕುಂತ್ರ ನನ್ನ ಮಾನ ಹೋಗ್ತದ," ಎಂದರು ಮಾವ.

ಕಲಬುರಗಿಯ ಗಂಜ್ ಮಾರುಕಟ್ಟೆಯ ಹತ್ತಿರದ ಕಬ್ಬಿಣದ ಅಂಗಡಿಗೆ ಹೋದೆ. "ಹಲ್ಲು ಎಷ್ಟ ಬೇಕ್ರಿ?" ಎಂದರು ಅಂಗಡಿಯ ಸಾಹೇಬರು.

"ಎಲ್ಲಾ ಇರ್ಲಿ," ಎಂದೆ.

ಅವರು ಪಾಪ, ನಗಲಿಲ್ಲ. ಎರಡು ಅಲಗು ತಂದು ಮುಂದಿಟ್ಟರು. ಒಂದು ಮೆತ್ತಗಿನ ಉಕ್ಕಿನದು: ಬೇಗ ಮೊಂಡಾಗುತ್ತದೆ, ಆದರೆ ಅರ ಹಾಕಿ ಉಜ್ಜಿದರೆ ಮತ್ತೆ ಹರಿತ. ಇನ್ನೊಂದು ಗಟ್ಟಿ ಉಕ್ಕಿನದು: ವರ್ಷಗಟ್ಟಲೆ ಬಾಳುತ್ತದೆ, ಆದರೆ ಕಬ್ಬಿಣ ತಗುಲಿದರೆ ಹಲ್ಲು ಹಾರಿಹೋಗುತ್ತವೆ. ಎದುರಿನ ಅಂಗಡಿಯವನನ್ನು ಕೇಳಿದೆ, ಮೆತ್ತಗಿನದೇ ಒಳ್ಳೆಯದು ಎಂದ. ಪಕ್ಕದ ಬಡಿಗನನ್ನು ಕೇಳಿದೆ, ಗಟ್ಟಿಯದೇ ಎಂದ. ಚಹಾ ಕುಡಿದು ಬಂದೆ. ಕೈಯಲ್ಲಿ ತೂಗಿದೆ, ಬೆರಳಿನಿಂದ ಬಡಿದು ಸಪ್ಪಳ ಕೇಳಿದೆ. ಯಾಕೆ ಬಡಿದೆನೋ, ಇಂದಿಗೂ ತಿಳಿಯದು. ಕೊನೆಗೆ ಸಾಹೇಬರಿಗೇ ಬೇಸರ ಬಂತು. "ಒಂದs ಮಾತ್ ಹೇಳ್ರಿ ಜನಾಬ್, ಕಟಗ್ಯಾಗ ಮೊಳಿ ಅದಾವೇನು?"

ಅಬ್ಬಾ, ಉತ್ತರ ಗೊತ್ತಿರುವ ಒಂದು ಪ್ರಶ್ನೆ! "ಛೇ ಛೇ, ಹಳೀ ಕಾಲದ ಮನಿರಿ. ಬರೇ ಕಟಗಿ ಗೂಟದ ಮ್ಯಾಲ ನಿಂತಿತ್ತು," ಎಂದು ಎದೆಯುಬ್ಬಿಸಿ ಗಟ್ಟಿಯದನ್ನೇ ಹೊತ್ತುಕೊಂಡು ಬಂದೆ.

ಗಿರಣಿಯಲ್ಲಿ ಮೊದಲ ಕಂಬ ಅಲಗಿಗೆ ತಾಗಿತು. ಒಂದು ಗೇಣು ಬೆಣ್ಣೆ ಕೊಯ್ದಂತೆ ಹೋಯಿತು. ಮಾವನವರು ನನ್ನತ್ತ ಮೆಚ್ಚುಗೆಯಿಂದ ನೋಡಿದರು. ಆಮೇಲೆ ಕರ್ ಎಂದು ಕಿಡಿ ಹಾರಿ, ಟಣ್ ಎಂದು ಹಲ್ಲೊಂದು ನನ್ನ ಕಿವಿಯ ಪಕ್ಕದಲ್ಲೇ ಗೋಡೆಗೆ ಬಡಿಯಿತು. ಎಂಜಿನ್ ನಿಲ್ಲಿಸುವುದರೊಳಗೆ ಇನ್ನೂ ಆರು ಹೋದವು. ಗಿರಣಿಯವನು ಕಂಬದ ಸುಣ್ಣ ಕೆರೆದು ನೋಡಿದ. ತಲೆ ಮುರಿದ ಮೊಳೆಗಳು, ಸಾಲಾಗಿ.

"ಯಾವ ಹುಚ್ಚ ಹೊಡದಾನ್ರಿ ಇಷ್ಟು?" ಎಂದ.

ನಾನೂ "ಹೌದ್ ನೋಡ್ರಿ, ಯಾವ ಹುಚ್ಚ?" ಎಂದೆ.

ಮಾವನವರು ಕೆಮ್ಮಿದರು. "ಅಳಿಯಂದ್ರ, ಆ ಗದ್ದಲದ ವರ್ಷ ರಜಾಕಾರರು ಬರ್ತಾರಂತ ಸುದ್ದಿ ಬಂದಾಗ, ಬಾಗಲಿಗಿ ಕಂಬಕ್ಕ ಅಡ್ಡ ಹಲಗಿ ಬಡದವ್ರು ನೀವs ಅಲ್ಲೇನ್ರಿ?"

ಮರೆತೇಹೋಗಿತ್ತು! ಸತ್ಯವಾಗಿ ಮರೆತಿತ್ತು. ಆಗ ಹೊಸ ಅಳಿಯ. ಹೆದರಿಕೆ ತೋರಿಸುವಂತಿಲ್ಲ, ಹೆದರಿಕೆಯೋ ಹೊಟ್ಟೆ ತುಂಬ. ಸಿಕ್ಕಷ್ಟು ಮೊಳೆ ಬಡಿದಿದ್ದೆ. ಲೂಟಿ ಮಾಡಲು ಯಾರೂ ಬರಲಿಲ್ಲ. ಬಂದದ್ದು ಭಾರತ ಸರಕಾರದ ಯೂನಿಯನ್ ಫೌಜು. ಊರಿಗೆ ಊರೇ ಬೀದಿಗಿಳಿದು ನೋಡುವಾಗ ನಮ್ಮ ಮನೆಯವರು ಮಾತ್ರ ಬಾಗಿಲು ತೆಗೆಯಲಾಗದೆ ಹಿತ್ತಲ ಗೋಡೆ ಹಾರಿದರು. ಅತ್ತೆಯವರನ್ನು ಏಣಿ ಹಾಕಿ ಇಳಿಸುವಷ್ಟರಲ್ಲಿ ಫೌಜು ಹೋಗಿಯೇಬಿಟ್ಟಿತ್ತು.

ನಾಚಿಕೆಯಿಂದ ಸಾಯುವ ಹಾಗಾಯಿತು. ಮದುವೆಯ ಹಿಂದಿನ ದಿನದವರೆಗೂ ನಾನು ಅಂಗಳದಲ್ಲಿ ಇಕ್ಕಳ ಹಿಡಿದು ಮೊಳೆ ಕೀಳುತ್ತ ಕುಳಿತೆ; ಮೊಳೆ ಕಿತ್ತ ಕಂಬಗಳನ್ನು ಇಬ್ಬರು ಆಳುಗಳು ಕೊಡಲಿಯಿಂದ ಸೀಳಿದರು. ಬೀಗರು ಹೊಟ್ಟೆ ತುಂಬ ಹೋಳಿಗೆ ಉಂಡರು, ಮಾವನವರ ಮಾನ ಉಳಿಯಿತು.

ಈಗಲೂ ಹಳೆ ಕಟ್ಟಿಗೆಗೆ ಯಾವ ಅಲಗು ಬಾಳಿಕೆ ಬರುತ್ತದೆ ಎಂದು ಜನ ನನ್ನನ್ನು ಕೇಳುತ್ತಾರೆ. ಮೆತ್ತಗಿನದೋ ಗಟ್ಟಿಯದೋ, ನನಗೆ ಇನ್ನೂ ಗೊತ್ತಿಲ್ಲ. ಆ ಮನೆಗೆ ಅಳಿಯಂದಿರು ಎಷ್ಟು ಜನ ಎಂದಷ್ಟೇ ವಿಚಾರಿಸುತ್ತೇನೆ.