ಬಳ್ಳಾರಿ ಜಾಲಿಗೆ ಬದಲಿ ಗಿಡ

ಸಾಲಿಯಲ್ಲಿ ಬಹಳ ಕಾಲ ಪಾಠ ಹೇಳಿದವರಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಎದುರಿಗಿದ್ದವರು ಬಾಯಿ ತೆರೆದ ಕೂಡಲೇ ಮನಸ್ಸಿನಲ್ಲೇ ಅವರಿಗೆ ಅಂಕ ಹಾಕಲು ಶುರು ಮಾಡುತ್ತೇವೆ. ಬಸ್ ಕಂಡಕ್ಟರು, ಡಾಕ್ಟರು, ಬೀಗರು, ಸತ್ಯನಾರಾಯಣ ಪೂಜೆಗೆ ಬಂದ ಭಟ್ಟರು, ಯಾರೂ ನನ್ನಿಂದ ತಪ್ಪಿಸಿಕೊಂಡವರಿಲ್ಲ. ಹೆಚ್ಚಿನವರು ನಪಾಸು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳಾದ್ದರಿಂದ ತಿರಸ್ಕಾರವನ್ನೂ ಶಾಸ್ತ್ರೋಕ್ತವಾಗಿಯೇ ಮಾಡುತ್ತೇನೆ. ಈ ಕಾಯಿಲೆಗೆ ಭರ್ತಿ ಮೇವು ಸಿಕ್ಕಿದ್ದು ನಮ್ಮೂರ ಪಂಚಾಯಿತಿಯಲ್ಲಿ. ಊರಿನ ಹೆಸರು ಬೇಡ. ಜಮಖಂಡಿ ತಾಲೂಕಿನಲ್ಲಿ ಕೃಷ್ಣೆಯ ದಂಡೆಗಿರುವ ಒಂದು ಊರು ಎಂದರೆ ಸಾಕು. ನಾನು ಇನ್ನೂ ಅಲ್ಲೇ ಬಾಳುವೆ ಮಾಡಬೇಕಾಗಿದೆ.

‘ನಮ್ಮ ಅಕ್ಕಂದು ಹೊಳಿದಂಡಿ ಮನಿ’ ಎಂದು ಹುಬ್ಬಳ್ಳಿಯಲ್ಲಿರುವ ನನ್ನ ತಂಗಿ ಗೆಳತಿಯರ ಮುಂದೆ ಜಂಬ ಕೊಚ್ಚುತ್ತಾಳೆ. ಅವರ ಕಣ್ಣಿಗೆ ಬೆತ್ತದ ಕುರ್ಚಿ, ಮುಳುಗುವ ಸೂರ್ಯ, ನಡುವೆ ಚಹಾ ಹೀರುತ್ತ ಕೂತ ನಾನು ಕಾಣಿಸುತ್ತೇವೆಂದು ತೋರುತ್ತದೆ. ನಿಜವೆಂದರೆ ನಾವು ಹೊಳೆದಂಡೆಗೆ ಮನೆ ಕಟ್ಟಿದವರೇ ಅಲ್ಲ. ಮಾವನವರು ಕಟ್ಟಿಸಿದಾಗ ಹೊಳೆ ಎಲ್ಲೋ ದೂರ ಇತ್ತು. ಕೆಳಗೆ ಅಣೆಕಟ್ಟಿನಲ್ಲಿ ನೀರು ನಿಲ್ಲಿಸತೊಡಗಿದ ಮೇಲೆ ಹೊಳೆಯೇ ಮೆಲ್ಲಗೆ ನಡೆದು ನಮ್ಮ ಹಿತ್ತಲಿಗೆ ಬಂತು. ಅದರ ಬೆನ್ನಿಗೇ ಬಳ್ಳಾರಿ ಜಾಲಿ ಬಂತು. ಹಿತ್ತಲ ಗೋಡೆಗೂ ನೀರಿಗೂ ನಡುವೆ ಇದ್ದ ಇಳಿಜಾರನ್ನೆಲ್ಲ ಅದು ಆವರಿಸಿತು. ಒಳಗೆ ಹಾವಿವೆ ಎಂದು ಊರವರು ಹೇಳುತ್ತಿದ್ದರು. ನನಗೆ ನಂಬಿಕೆ ಬರಲಿಲ್ಲ. ಆ ಮುಳ್ಳಿನಲ್ಲಿ ವಾಸ ಮಾಡುವಷ್ಟು ದಡ್ಡತನ ಹಾವಿಗೆ ಇರಲಾರದು.

ಇಷ್ಟೇ ಆಗಿದ್ದರೆ ಜಾಲಿಯೂ ನಾವೂ ಹೊಂದಿಕೊಂಡು ಇರುತ್ತಿದ್ದೆವೇನೋ. ಆದರೆ ನಮ್ಮ ಅತ್ತೆ ಬೆಳಿಗ್ಗೆ ಹೊಳೆಗಿಳಿದು ಗಂಗವ್ವನಿಗೆ ಅರಿಷಿಣ ಕುಂಕುಮ ಏರಿಸದೆ ಚಹಾ ಮುಟ್ಟುವವರಲ್ಲ. ಅವರಿಗೆ ಸಕ್ಕರೆ ಕಾಯಿಲೆ. ಒಂದು ದಿನ ಜಾಲಿ ಮುಳ್ಳು ಚಪ್ಪಲಿಯನ್ನು ತೂರಿ ಹಿಂಬಡಕ್ಕೆ ಹೊಕ್ಕಿತು. ಅವರು ಯಾರಿಗೂ ಹೇಳಲಿಲ್ಲ. ಕೀವು ತುಂಬಿ, ಜ್ವರ ಬಂದು, ಬಾಗಲಕೋಟೆಯ ಆಸ್ಪತ್ರೆಗೆ ಎತ್ತಿಕೊಂಡು ಹೋಗುವ ಹೊತ್ತಿಗೆ ಕಾಲು ಕುಂಬಳಕಾಯಿಯಂತಾಗಿತ್ತು. “ಈ ಸಲ ಪಾರಾಗ್ಯಾರ. ಇನ್ನೊಮ್ಮಿ ಹಿಂಗ ಆತಂದ್ರ ಕಾಲು ಉಳಿಯೋ ಗ್ಯಾರಂಟಿ ನಾ ಕೊಡಂಗಿಲ್ಲರಿ,” ಅಂದರು ಡಾಕ್ಟರು. ಅತ್ತೆ ಹಾಸಿಗೆಯಿಂದಲೇ, “ಒಂದು ಹೋದ್ರ ಇನ್ನೊಂದರ ಮ್ಯಾಲ ಹೊಳಿಗೆ ಹೋಗ್ತೇನೇಳು,” ಎಂದರು. ನಾನು ಹೊರಗೆ ಬಂದು ಅತ್ತುಬಿಟ್ಟೆ. ಅವರ ಜೊತೆ ದಿನಾ ಜಗಳವಾಡುವವಳು ನಾನೇ, ಅವರಿಲ್ಲದ ಅಡುಗೆಮನೆ ನೆನೆಸಿಕೊಂಡರೆ ಎದೆ ಝಲ್ಲೆನ್ನುವುದೂ ನನ್ನದೇ.

ಜಾಲಿ ತೆಗೆಸಬೇಕೆಂದು ಅಂದೇ ನಿಶ್ಚಯಿಸಿದೆ. ಮಣ್ಣು ಹಿಡಿಯಲು ನೀರಂಚಿಗೆ ಲಾವಂಚದ ಹುಲ್ಲು, ಮೇಲೆ ನೇರಳೆ, ಗೋಡೆಯ ಹತ್ತಿರ ದಾಸವಾಳ ಎಂದು ಬಣ್ಣದ ಪೆನ್ಸಿಲಿನಲ್ಲಿ ಒಂದು ಚಿತ್ರವನ್ನೂ ಬರೆದೆ. ಬೇರೆ ಯಾರಾದರೂ ಆಗಿದ್ದರೆ ಆಳು ಕರೆಸಿ ಕಡಿಸಿಬಿಡುತ್ತಿದ್ದರು. ಆದರೆ ನಮ್ಮ ಮನೆಯವರದು ಬೇರೆಯೇ ಜಾತಕ. ಸಮೀರವಾಡಿ ಕಡೆ ಗುಮಾಸ್ತಿಕೆ ಮಾಡುವ ಅವರು ಬಸ್ ಟಿಕೇಟನ್ನು ಮನೆ ಮುಟ್ಟುವ ತನಕ ಕಿಸೆಯಲ್ಲಿ ಜೋಪಾನವಾಗಿ ಇಟ್ಟುಕೊಳ್ಳುವವರು. “ದಂಡಿ ನಮ್ಮದಲ್ಲ, ಸರ್ಕಾರದ್ದು. ದಂಡಿ ಮ್ಯಾಲಿನ ಗಿಡ ತಗದ್ರ ಬದಲಿ ಗಿಡ ಹಚ್ಚಬೇಕು, ಯಾವ ಗಿಡ ಅಂತ ಪಂಚಾಯಿತಿಯವರು ನೋಡಿ ಹೂಂ ಅನ್ನಬೇಕು. ಹೊಸಾ ಕಾಯ್ದೆ ಬಂದೈತಿ,” ಎಂದರು. ಹೀಗೆ ಇಡೀ ಊರಿನಲ್ಲಿ ಜಾಲಿ ಕಡಿಯಲು ಪರವಾನಗಿ ಕೇಳಿದ ಮೊದಲ ಕುಟುಂಬ ನಮ್ಮದಾಯಿತು.

ನಮ್ಮ ಪಂಚಾಯಿತಿಗೆ ಆಗ ಅಧ್ಯಕ್ಷೆ ಶಿವಲೀಲಾ. ನನ್ನ ಹಳೆಯ ವಿದ್ಯಾರ್ಥಿನಿ, ಹಿಂದಿನ ಬೆಂಚು, ನನ್ನ ಲೆಕ್ಕದಲ್ಲಿ ಅಷ್ಟಕ್ಕಷ್ಟೇ. ಮಹಿಳಾ ಮೀಸಲಾತಿಯಲ್ಲಿ ಆರಿಸಿ ಬಂದಿದ್ದಳು. ಸಹಿ ಅವಳದು, ಕುರ್ಚಿ ಅವಳ ಗಂಡ ಗುರುಸಿದ್ದಪ್ಪನದು. ನನ್ನ ಅರ್ಜಿ ಮೀಟಿಂಗಿಗೆ ಬಂದ ದಿನ ಹೋದರೆ ಬಿಳಿ ಅಂಗಿಯ ಗುರುಸಿದ್ದಪ್ಪ ಅಧ್ಯಕ್ಷರ ಕುರ್ಚಿಯಲ್ಲಿ, ಅವನ ಕಾಲ ಬುಡದಲ್ಲಿ ಅವನ ಮುಧೋಳ ನಾಯಿ. ಇಬ್ಬರ ಮುಖದಲ್ಲೂ ರಾಜಗಾಂಭೀರ್ಯ. ನಾಯಿಯದು ಮಾತ್ರ ಹುಟ್ಟಿನಿಂದ ಬಂದದ್ದು.

ಚರ್ಚೆ ಎಂಬುದು ಶುರುವಾಯಿತು. “ಲಾವಂಚ ಅಂದ್ರ ಊದಿನಕಡ್ಡಿ ಏನ್ರೀ?” ಎಂದು ಒಬ್ಬ ಸದಸ್ಯರು ಕೇಳಿದರು. ಇನ್ನೊಬ್ಬರು, “ಹೊಳಿದಂಡಿ ಅಂದ್ರ ತೆಂಗಿನ ಗಿಡ ಇರಬೇಕರಿ, ಸಿನಿಮಾದಾಗ ನೋಡೀರಿಲ್ಲೊ,” ಎಂದರು. ಮೂಲೆಯಿಂದ ಒಬ್ಬರು, “ಕಬ್ಬ ಹಚ್ಚಿ ಬಿಡ್ರಿ, ಚಿಂತಿನ ಇಲ್ಲ,” ಎಂದರು. ನಮ್ಮ ಕಡೆ ಭೂಮಿಯ ಮೇಲಿನ ಯಾವ ಪ್ರಶ್ನೆಗೂ ಕಬ್ಬು ಒಂದು ಉತ್ತರವಾಗಿ ಇದ್ದೇ ಇರುತ್ತದೆ. ಕೊನೆಗೆ ಕಾರ್ಯದರ್ಶಿ ಕನ್ನಡಕ ಏರಿಸಿ, “ಬದಲಿ ಗಿಡ ಅಂದ್ರ ಕಡದ ಗಿಡದಷ್ಟ ಎತ್ತರ ಇರಬೇಕಾಗ್ತದಲ್ಲರಿ? ಸಸಿ ಹಚ್ಚಿದ್ರ ಬದಲಿ ಹೆಂಗ ಆತು?” ಎಂದರು. ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು. ನನಗೆ ತಡೆಯಲಾಗಲಿಲ್ಲ. “ನಿಮ್ಮ ಮಗ ಹುಟ್ಟಿದಾಗ ನಿಮ್ಮಷ್ಟ ಎತ್ತರ ಇದ್ದನೇನ್ರೀ?” ಎಂದೆ. ನನ್ನ ಮಾತಿನ ಚುರುಕನ್ನು ನಾನೇ ಮೆಚ್ಚಿಕೊಳ್ಳುತ್ತಿದ್ದಾಗ ಗುರುಸಿದ್ದಪ್ಪ, “ಜಾಗಾ ನೋಡಲಾರದ ಏನೂ ಹೇಳಾಕ ಬರಂಗಿಲ್ಲ,” ಎಂದು ವಿಷಯವನ್ನು ಮುಂದೂಡಿದ.

ಜಾಗ ನೋಡಲು ಬಂದರು. ಮೊದಲು ನೋಡಿದ್ದು ಪಡಸಾಲೆಯನ್ನು. ಅಲ್ಲಿ ಚುರುಮುರಿ ಸೂಸಲಾ, ಮಿರ್ಚಿ ಭಜಿ, ಚಹಾ, ಮತ್ತೆ ಚಹಾ. ಆಮೇಲೆ ಅಡುಗೆಮನೆಯ ಕಿಟಕಿಯಿಂದ ದಂಡೆಯನ್ನು ಕೂಲಂಕಷವಾಗಿ ಪರಿಶೀಲಿಸಿದರು. “ಒಳಗ ಹೋಗಿ ನೋಡ್ರಿ. ನನ್ನ ಕಾಲ ತಿಂದ ಮುಳ್ಳು ಹೆಂಗೈತಿ ಅಂತ ತಿಳೀತದ,” ಎಂದರು ಅತ್ತೆ, ಬ್ಯಾಂಡೇಜಿನ ಕಾಲು ಚಾಚಿಕೊಂಡು. ಗುರುಸಿದ್ದಪ್ಪ ನಾಯಿಯನ್ನು ಮುಂದೆ ಬಿಟ್ಟ. ಅದು ಜಾಲಿಯ ಅಂಚಿನ ತನಕ ಹೋಗಿ ಒಮ್ಮೆ ಮೂಸಿ, ತಿರುಗಿ ಬಂದು ಹಗ್ಗದ ಹೊರಸಿನ ಕೆಳಗೆ ಮಲಗಿತು. ಆ ನಿಯೋಗದಲ್ಲಿ ನನ್ನ ಕೈಯಲ್ಲಿ ಪಾಸಾದದ್ದು ಅದೊಂದೇ. ಆದರೆ ಅಧ್ಯಕ್ಷರ ಗಂಡನಿಗೆ ನಾಯಿಯ ಅಭಿಪ್ರಾಯ ಕೇಳಿಕೊಂಡು ನಿಲ್ಲುವುದು ಅವಮಾನ. ನುಗ್ಗಿದ. ಜಾಲಿ ಅವನ ಬಿಳಿ ಅಂಗಿಯನ್ನು ಬೆನ್ನ ಹಿಂದಿನಿಂದ ಹಿಡಿಯಿತು. ಈ ಕಡೆ ಬಿಡಿಸಿಕೊಂಡರೆ ಆ ಕಡೆ. ಕಾರ್ಯದರ್ಶಿ ನಮ್ಮ ಕಾಯಿಪಲ್ಲೆ ಚಾಕು ಹಿಡಿದು ಹೋಗಿ ಟೊಂಗೆ ಕೊಯ್ದು ಅವನನ್ನು ಈಚೆ ತಂದರು. ಪರವಾನಗಿ ಇಲ್ಲದೆ ಜಾಲಿ ಕಡಿದ ಮೊದಲಿಗರು ಅವರೇ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ.

ಹರಿದ ಅಂಗಿಯಲ್ಲಿ ಕೂತು ಗುರುಸಿದ್ದಪ್ಪ ತೀರ್ಪು ಕೊಟ್ಟ. “ವಿಷಯ ಭಾರಿ ಸೂಕ್ಷ್ಮ ಐತಿ. ತಜ್ಞರನ್ನ ಕೇಳಬೇಕಾಗ್ತದ. ಹೈಸ್ಕೂಲಿನ ಸೈನ್ಸ್ ಅಕ್ಕೋರನ್ನ ಕೇಳೂಣು.” ನಮ್ಮ ಕಡೆ ಪಾಠ ಹೇಳುವ ಹೆಂಗಸರಿಗೆ ಅಕ್ಕೋರು ಎನ್ನುತ್ತಾರೆ. “ಆ ಅಕ್ಕೋರು ನಾನ ಅಲ್ಲೇನಪಾ!” ಎಂದೆ. ಅವನು ಕ್ಷಣ ಯೋಚಿಸಿ, “ಹೌದಲ್ಲಾ! ಆದ್ರ ಅರ್ಜಿ ಕೊಟ್ಟಾವರು ತಜ್ಞರಾಗಾಕ ಬರಂಗಿಲ್ಲರಿ,” ಎಂದು ಎದ್ದ. ಹೋಗುವಾಗ ಉಳಿದ ಭಜಿಯನ್ನು ನಾಯಿಗೆ ಹಾಕಿದ. ಅದು ಮುಟ್ಟಲಿಲ್ಲ.

ಆಮೇಲೆ ಪಂಚಾಯಿತಿಯಿಂದ ಸುದ್ದಿಯೇ ಇಲ್ಲ. ಹಿಂಬಡದ ಗಾಯ ಮಾಯ್ದದ್ದೇ ತಡ, ಅತ್ತೆ ಒಂದು ಮುಂಜಾನೆ ಕುಂಕುಮದ ಬಟ್ಟಲು ಹಿಡಿದು ಹಿತ್ತಲ ಬಾಗಿಲು ದಾಟಿದ್ದರು. ನಾನು ಓಡಿಹೋಗಿ ನೋಡಿದರೆ ಜಾಲಿಯ ನಡುವೆ ಸೆರಗು ಸಿಕ್ಕಿಸಿಕೊಂಡು, ಒಂದು ಕಾಲನ್ನು ಮೇಲೆತ್ತಿ, ಎಲ್ಲಿ ಇಡಬೇಕೆಂದು ತಿಳಿಯದೆ ನಡುಗುತ್ತ ನಿಂತಿದ್ದರು. “ಬೈಬ್ಯಾಡಬೇ, ಮೊದ್ಲ ಕೈ ಕೊಡು,” ಎಂದರು. ಎಂದೂ ಕೈ ಕೇಳಿದವರಲ್ಲ. ಅವರನ್ನು ಮನೆಗೆ ತಂದು ಕೂರಿಸಿ ನಾನು ಸೀದಾ ಶಿವಲೀಲಾಳ ಮನೆಗೆ ಹೋದೆ.

ಅವಳು ರೊಟ್ಟಿ ಬಡಿಯುತ್ತಿದ್ದಳು. “ಬರ್ರಿ ಅಕ್ಕೋರ್ರೀ,” ಎಂದು ಮಣೆ ಸರಿಸಿದಳು. ನಾನು ಕೂಡಲಿಲ್ಲ. ನಿನ್ನ ಕುರ್ಚಿಯಲ್ಲಿ ನೀನು ಕೂಡುವುದಿಲ್ಲ, ನಿನ್ನ ಗಂಡನಿಗೆ ಗಿಡಕ್ಕೂ ಗೂಟಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ, ನಮ್ಮ ಅತ್ತೆಯ ಕಾಲು ಹೋದ ಮೇಲೆ ಪರವಾನಗಿ ಕೊಡುತ್ತೀರೇನು ಎಂದು ಕ್ಲಾಸಿನಲ್ಲಿ ಬೈದಂತೆಯೇ ಬೈದೆ. ಅವಳು ರೊಟ್ಟಿ ಹೊರಳಿಸಿ ಮೆಲ್ಲಗೆ ಹೇಳಿದಳು: “ಅವ್ರು ಪಾಪ ಸಹಿ ಮಾಡು ಅಂತ ಕಾಗದ ತಂದು ಕೊಟ್ಟಾರ್ರೀ. ನಾನ ಮಾಡಿಲ್ಲ.”

ನಾನು ಮಣೆಯ ಮೇಲೆ ಕೂತೆ.

“ಈ ಒಲಿಯಾಗ ಏನ ಉರ್ಯಾಕತ್ತದ ನೋಡ್ರಿ,” ಎಂದಳು. ಜಾಲಿ ಕಟ್ಟಿಗೆ. “ನಿಮ್ಮ ಹಿತ್ತಲದ್ದ ಅದು. ಕೆಳಗಿನ ಓಣಿ ಒಲಿ ಎಲ್ಲಾ ಅದರ ಮ್ಯಾಲ ಅದಾವು. ನೀವು ಸಾಲಿಗೆ ಹೋದಮ್ಯಾಲ ನಮ್ಮ ಹೆಣ್ಮಕ್ಕಳು ಹೊಳಿ ಕಡಿಂದ ಬಂದು ಆರಿಸ್ಕೊಂಡು ಹೋಗ್ತಾರ. ನೀವು ಲಾವಂಚ ಹಚ್ಚತೇನಿ ಅಂತ ಬರದೀರಿ. ಅದನ್ನ ಒಲಿಗೆ ಇಟ್ರ ರೊಟ್ಟಿ ಬೇಯ್ತದೇನ್ರೀ?”

“ಮತ್ತ ಮೀಟಿಂಗಿಗೆ ಬಂದು ಹೇಳಬೇಕಿಲ್ಲೊ ಇದನ್ನ?”

“ನಿಮ್ಮ ಮುಂದ ನಿಂತು ಮಾತಾಡಾಕ ನನಗ ಇನ್ನೂ ಅಂಜಿಕಿ ಬರ್ತದ್ರೀ,” ಎಂದು ನಕ್ಕಳು. ನಾನು ನಗಲಿಲ್ಲ. ಇಡೀ ಪಂಚಾಯಿತಿಯನ್ನು ಮೂರ್ಖರ ಸಂತೆ ಎಂದು ಹೀಗಳೆದು ಓಡಾಡಿದ್ದ ನನಗೆ, ನನ್ನ ಹಿತ್ತಲಲ್ಲಿ ದಿನಾ ಯಾರು ಬಂದು ಹೋಗುತ್ತಾರೆಂಬುದೇ ಗೊತ್ತಿರಲಿಲ್ಲ. ಬಿಸಿ ರೊಟ್ಟಿ, ಶೇಂಗಾ ಹಿಂಡಿ ಹಾಕಿಕೊಟ್ಟಳು. ತಿನ್ನುತ್ತಲೇ ಇಬ್ಬರೂ ಒಪ್ಪಂದಕ್ಕೆ ಬಂದೆವು. ಅತ್ತೆಗೆ ನೀರಿನ ತನಕ ಅಗಲವಾದ ದಾರಿ, ದಾರಿಯ ಒಂದು ಮಗ್ಗುಲಿಗೆ ನನ್ನ ಗಿಡ, ಇನ್ನೊಂದು ಮಗ್ಗುಲಿಗೆ ಜಾಲಿ ಇದ್ದ ಹಾಗೇ. ಕಡಿದ ಕಟ್ಟಿಗೆಯೆಲ್ಲ ಕೆಳಗಿನ ಓಣಿಗೆ. ಮುಂದಿನ ಮೀಟಿಂಗಿಗೆ ಶಿವಲೀಲಾ ತಾನೇ ಬಂದು ಕುರ್ಚಿಯಲ್ಲಿ ಕೂತಳು. ಗುರುಸಿದ್ದಪ್ಪ ಬಾಗಿಲ ಹತ್ತಿರ ನಿಂತು, ಎಲ್ಲ ತಾನೇ ಹೇಳಿಕೊಟ್ಟವನಂತೆ ಮೀಸೆಯ ಮೇಲೆ ಕೈಯಾಡಿಸುತ್ತಿದ್ದ.

ಓಣಿಯ ಹೆಂಗಸರು ಕೊಡಲಿ ಕುಡುಗೋಲು ಹಿಡಿದು ಬಂದರು. ಮಧ್ಯಾಹ್ನದೊಳಗೆ ದಾರಿ ತೆರೆಯಿತು. ಅತ್ತೆ ಬರಿಗಾಲಲ್ಲಿ ಹೋಗುವೆನೆಂದು ಹಟ ಹಿಡಿದರು, ನಾನು ಚಪ್ಪಲಿ ಹಾಕಿಸಿದೆ. ಹೊಳೆಗೆ ಕುಂಕುಮ ಏರಿಸಿ, ಎರಡೂ ಕಾಲನ್ನು ನೀರಿನಲ್ಲಿ ಇಳಿಬಿಟ್ಟು ಬಹಳ ಹೊತ್ತು ಕೂತರು. ಕಟ್ಟಿಗೆ ಹೊರೆ ಹೊತ್ತವರೊಬ್ಬರು, “ಹೆಂಗೈತಿ ಆಯಿ?” ಎಂದು ಕೇಳಿದಾಗ, “ಮುಳ್ಳಿಲ್ಲದ ದಾರಿ ಸಪ್ಪಗ ಅನಸ್ತದಬೇ,” ಎಂದರು. ಕಣ್ಣು ಮಾತ್ರ ಒದ್ದೆಯಾಗಿತ್ತು.

ಅಲ್ಲಿಗೆ ನಾನು ಸುಮ್ಮನಿರಬೇಕಿತ್ತು. ಆದರೆ ಬಣ್ಣದ ಪೆನ್ಸಿಲಿನ ಆ ಚಿತ್ರ ಇತ್ತಲ್ಲ! ಲಾವಂಚ ಹಚ್ಚಿದೆ, ಹೊಳೆ ಏರಿದಾಗ ಬುಡಸಮೇತ ತೇಲಿ ಹೋಯಿತು. ನೇರಳೆ ಸಸಿಗಳನ್ನು ಆಡುಗಳು ತಿಂದವು. ದಾಸವಾಳವನ್ನು ಅವು ಪ್ರಸಾದವೆಂಬಂತೆ ಕಣ್ಣು ಮುಚ್ಚಿ ತಿಂದವು. ಆ ಮಗ್ಗುಲಿನಲ್ಲಿ ಕಡಿದ ಜಾಲಿಯ ಬೊಡ್ಡೆಗಳು ಮಾತ್ರ ಒಂದಕ್ಕೆ ನಾಲ್ಕಾಗಿ ಚಿಗಿತವು. ಬೇರು ಕೀಳದೆ ಬಿಟ್ಟರೆ ಹೀಗೇ ಆಗುತ್ತದೆಂದು ಪಾಠ ಹೇಳುವವಳು, ಬೇರು ಕೀಳಿಸಲು ಮರೆತಿದ್ದೆ.

ವರುಷ ತುಂಬಿದ ಮೇಲೆ ಬದಲಿ ಗಿಡ ನೋಡಲು ಕಾರ್ಯದರ್ಶಿ, ಗುರುಸಿದ್ದಪ್ಪ ಬಂದರು. ದಾರಿಯಲ್ಲೇ ನಿಂತು ನೋಡಿದರು. ಹಚ್ಚಹಸುರು. “ಭಾರಿ ಬೆಳಸೀರಿ ಅಕ್ಕೋರ್ರೀ!” ಎಂದ ಗುರುಸಿದ್ದಪ್ಪ.

“ಇದು ಜಾಲಿನ ಐತೆಲ್ಲಪಾ,” ಎಂದೆ ನಾಚಿಕೆಯಿಂದ.

ಅವನು ದನಿ ತಗ್ಗಿಸಿದ. “ಜಾಲಿ ನನಗ ಗೊತ್ತಿಲ್ಲೇನ್ರೀ? ಅಂಗಿ ಹರಕೊಂಡಾವ ನಾನು. ಆದ್ರ ಜಾಲಿ ಕಡದು ಜಾಲಿ ಬೆಳಸ್ಯಾರ ಅಂತ ಬರದ್ರ ನಮ್ಮ ಮರ್ಯಾದಿ ಉಳಿತದೇನು, ನಿಮ್ಮ ಮರ್ಯಾದಿ ಉಳಿತದೇನು?” ಎಂದು ಕಾರ್ಯದರ್ಶಿಯ ಕಡೆ ತಿರುಗಿ, “ಲಾವಂಚ ಅಂತ ಬರಕೊಳ್ರಿ,” ಎಂದ. ತಿದ್ದಲು ನಾನು ಬಾಯಿ ತೆರೆದೆ. ಸೈನ್ಸ್ ಅಕ್ಕೋರ ಗಿಡ ಆಡು ತಿಂದವಂತೆ ಎಂದು ಊರು ನಗುವುದು ಕಿವಿಗೆ ಕೇಳಿಸಿದಂತಾಯಿತು. “ಒಂದೀಟ ಚಹಾ ಮಾಡ್ಲೇನು?” ಎಂದೆ.

ಪರಿಸರ ದಿನಕ್ಕೆ ಪಂಚಾಯಿತಿಯವರು ನನಗೆ ಶಾಲು ಹೊದಿಸಿದರು. ದಂಡೆಯ ಗಿಡಗಳ ನಡುವೆ ನಿಲ್ಲಿಸಿ ಫೋಟೋ ತೆಗೆದು, ‘ಲಾವಂಚ ಬೆಳೆಸಿದ ವಿಜ್ಞಾನ ಶಿಕ್ಷಕಿ’ ಎಂದು ಬರೆಸಿ, ಚೌಕಟ್ಟು ಹಾಕಿಸಿ ಸಾಲಿಗೆ ಕೊಟ್ಟರು. ಹೆಡ್‌ಮಾಸ್ತರರು ಅದನ್ನು ನನ್ನ ತರಗತಿಯ ಗೋಡೆಗೇ ಹಾಕಿಸಿದರು.

ಮೊನ್ನೆ ಒಂಬತ್ತನೇ ತರಗತಿಯಲ್ಲಿ, ಮಣ್ಣು ಹಿಡಿಯುವ ಹುಲ್ಲುಗಳ ಪಾಠ ಬಂತು. ಲಾವಂಚದ ಲಕ್ಷಣ ಯಾರು ಹೇಳುತ್ತೀರಿ ಎಂದೆ. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು, “ಮೈತುಂಬ ಮುಳ್ಳಿರತಾವ್ರೀ, ಹಳದಿ ಕಾಯಿ ಬಿಡತದ್ರೀ, ಕಡದಷ್ಟೂ ಚಿಗೀತದ್ರೀ,” ಎಂದಳು. ತರಗತಿಯಲ್ಲಿ ಒಬ್ಬರೂ ನಗಲಿಲ್ಲ.

“ಯಾರ ಹೇಳಿದ್ರವಾ ನಿನಗ ಇದನ್ನ?”

ಅವಳು ಗೋಡೆಯ ಕಡೆ ಕೈ ತೋರಿಸಿದಳು. “ನೀವ ರೀ ಅಕ್ಕೋರ್ರೀ.”

ಕೂಡು ಎಂದು ಹೇಳಿ ಮುಂದಿನ ಪಾಠ ತೆಗೆದೆ.