ಭಾವನ ಸ್ಯಾಲರಿ ಕ್ಯಾಪ್

ಪರ್ತ್ ನಗರದಲ್ಲಿ ನಮ್ಮ ಭಾವನಷ್ಟು ಫುಟ್‌ಬಾಲ್ ಹುಚ್ಚು ಹಿಡಿದವರು ಇನ್ನೊಬ್ಬರಿಲ್ಲ. ಚೆಂಡು ಯಾವ ಕಡೆ ಹೋದರೆ ಗೋಲು ಎನ್ನುವುದು ಮಾತ್ರ ಅವರಿಗೆ ಇವತ್ತಿಗೂ ಗೊತ್ತಿಲ್ಲ!

ಭಾವ ಎಂದರೆ ಅಕ್ಕನ ಗಂಡ. ಮೈಸೂರಿನವರು, ಗಣಿ ಕಂಪನಿಯೊಂದರಲ್ಲಿ ಎಂಜಿನಿಯರ್. ಪರ್ತ್ ಅಂಚಿನ ಎಲೆನ್‌ಬ್ರೂಕಿನ ಅವರ ಮನೆಯಲ್ಲಿ ಮ್ಯಾಚ್ ನೋಡಲು ನಾವೆಲ್ಲ ಸೇರಿದರೆ, ಅವರು ಟಿವಿಗೆ ಬೆನ್ನು ಹಾಕಿ ಲ್ಯಾಪ್‌ಟಾಪ್ ಮುಂದೆ ಕೂರುತ್ತಿದ್ದರು. ನಾವು ಗೋಲೆಂದು ಕಿರುಚಿದಾಗ ತಲೆಯನ್ನೂ ಎತ್ತದೆ, "ಯಾರು ಹೊಡೆದಿದ್ದು? ಅವನಾ? ಅವನ ಕಾಂಟ್ರ್ಯಾಕ್ಟ್ ಈ ವರ್ಷಕ್ಕೆ ಮುಗೀತು" ಎನ್ನುತ್ತಿದ್ದರು. ಮದುವೆಮನೆಯಲ್ಲಿ ಕೂತು ಡೈವೋರ್ಸ್ ಮಾತಾಡುವ ಗಂಡಸು!

ಅವರ ಪ್ರಾಣವೆಲ್ಲ ಇದ್ದದ್ದು ಸ್ಯಾಲರಿ ಕ್ಯಾಪ್‌ನಲ್ಲಿ. ಒಮ್ಮೆ ಸ್ವಾನ್ ವ್ಯಾಲಿಯ ಬಾರ್ಬೆಕ್ಯೂ ಪಾರ್ಟಿಯಲ್ಲಿ, ಬ್ರಿಸ್ಬೇನಿನಿಂದ ಬಂದಿದ್ದ ನನ್ನ ಗೆಳೆಯ ಬಾಯಿ ತಪ್ಪಿ, "ಹಾಗಂದ್ರೇನು ಸಾರ್?" ಎಂದುಬಿಟ್ಟ. ಪಾಪ!

"ನೋಡಿ, ಆಟಗಾರರ ಸಂಬಳಕ್ಕೆ ಎಲ್ಲಾ ಕ್ಲಬ್ಬಿಗೂ ಒಂದೇ ಮಿತಿ. ದುಡ್ಡಿರೋರೇ ಒಳ್ಳೊಳ್ಳೆಯವರನ್ನೆಲ್ಲಾ ಬಾಚ್ಕೋಬಾರ್ದು ಅಂತ. ಈ ವರ್ಷ ಮಿತಿಗಿಂತ ಸ್ವಲ್ಪ ಕಮ್ಮಿ ಖರ್ಚು ಮಾಡಿದ್ರಿ ಅನ್ಕೊಳ್ಳಿ. ಉಳಿದಿದ್ದನ್ನ ಮುಂದಿನ ವರ್ಷಕ್ಕೆ ದಾಟಿಸಿ, ಆಗ ಅಷ್ಟು ಮಟ್ಟಿಗೆ ಮಿತಿ ಮೀರಬಹುದು. ಅದೇ ರೋಲ್‌ಓವರ್!"

"ಪೂರ್ತಿ ಉಳಿಸಿಬಿಟ್ರೆ?"

"ಆಗಲ್ಲ. ಇಷ್ಟಾದ್ರೂ ಕೊಡ್ಲೇಬೇಕು ಅಂತ ಕೆಳಗೂ ಒಂದು ಮಿತಿ ಇದೆ. ದಾಟಿಸೋದಕ್ಕೂ ಮಿತಿ ಇದೆ."

"ನಿಮ್ಮ ಮಾತಿಗೊಂದು ಮಿತಿ ಇಲ್ವಲ್ರೀ!" ಎಂದಳು ಅಕ್ಕ.

ಆ ವರ್ಷ ಭಾವನ ಕಣ್ಣು ನಮ್ಮ ಊರಿನ ಕ್ಲಬ್ಬಿನ ಒಬ್ಬ ಡಿಫೆಂಡರ್ ಮೇಲೆ ಬಿತ್ತು. ಅಡಿಲೇಡ್‌ನಿಂದ ಬಂದವನು, ಮೂವತ್ತು ದಾಟಿದವನು, ಮಂಡಿಗೆ ಎರಡು ಸಲ ಆಪರೇಷನ್ ಆದವನು. "ಇವನನ್ನು ಕೈಬಿಡಿ, ಜಾಗ ಖಾಲಿ ಇಡಿ, ಉಳಿದದ್ದನ್ನು ರೋಲ್‌ಓವರ್ ಮಾಡಿ" ಎಂದು ಅಭಿಮಾನಿಗಳ ವೆಬ್‌ಸೈಟಿನಲ್ಲಿ ವಾರಕ್ಕೊಂದು ಪ್ರಬಂಧ ಬರೆದರು. ಸೀಸನ್ ಮುಗಿದಾಗ ಕ್ಲಬ್ಬು ಅವನನ್ನು ಕೈಬಿಟ್ಟೇಬಿಟ್ಟಿತು. ಭಾವನನ್ನು ಕೇಳಿಯಲ್ಲ, ಬಿಡಿ! ಆದರೂ ಅವರು ಮೈಸೂರು ಪಾಕ್ ಹಂಚಿದರು.

"ಯಾರದೋ ಕೆಲಸ ಹೋಗಿದ್ದಕ್ಕೆ ಸ್ವೀಟಾ?" ಎಂದ ಅಕ್ಕ ಅದನ್ನು ಮುಟ್ಟಲಿಲ್ಲ. ನಾನು ಎರಡು ತಿಂದೆ.

ಮುಂದಿನ ವರ್ಷ ಗಣಿ ವ್ಯವಹಾರ ಕುಸಿಯಿತು. ಬ್ರಿಸ್ಬೇನಿನ ಹೆಡ್ಡಾಫೀಸಿನಿಂದ ವಿಡಿಯೋ ಕಾಲ್ ಬಂತು. ಭಾವನ ಹುದ್ದೆಯನ್ನು ಸದ್ಯಕ್ಕೆ ಖಾಲಿ ಇಡುತ್ತಾರಂತೆ, ಮುಂದಿನ ವರ್ಷ ನೋಡುತ್ತಾರಂತೆ.

"ರೋಲ್‌ಓವರ್ ಆಗ್ಬಿಟ್ರಲ್ಲ ಭಾವ!" ಎಂದೆ. ನನ್ನ ಜೀವನದ ಅತಿ ಕೆಟ್ಟ ಜೋಕು. ಅವರು ಬಗ್ಗಿ ಶೂ ಬಿಚ್ಚತೊಡಗಿದರು. ಒಂದು ಶೂ ಬಿಚ್ಚಿ, ಇನ್ನೊಂದನ್ನು ಮರೆತು ಕೂತರು.

ಕೆಲಸ ಹೋದ ಮೇಲೂ ಭಾವನ ದಿನಚರಿ ಬದಲಾಗಲಿಲ್ಲ. ಬೆಳಿಗ್ಗೆ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೊರಡುವರು. ಎಲ್ಲಿಗೆ? ಶಾಪಿಂಗ್ ಸೆಂಟರಿನ ಕಾರ್ ಪಾರ್ಕಿಗೆ! ಕಾರಿನಲ್ಲೇ ಕೂತಿದ್ದನ್ನು ಒಂದು ಮಧ್ಯಾಹ್ನ ಕಣ್ಣಾರೆ ಕಂಡೆ. ಎಂಜಿನ್ ಆಫ್ ಆಗಿತ್ತು, ಸೀಟ್‌ಬೆಲ್ಟ್ ಹಾಕಿಯೇ ಇತ್ತು. ಓಡಿಹೋಗಿ ಅಕ್ಕನಿಗೆ ಹೇಳಿದೆ.

"ಗೊತ್ತು ಕಣೋ," ಎಂದಳು. "ಊಟದ ಡಬ್ಬಿ ಕಟ್ಟಿಕೊಡೋಳು ನಾನೇ."

ಇಲ್ಲಿ ಜುಲೈ ಎಂದರೆ ಚಳಿಗಾಲ; ಆ ಚಳಿಯಲ್ಲಿ ಅವರ ಮನೆಯ ಬಿಸಿನೀರಿನ ಹೀಟರ್ ಕೆಟ್ಟಿತು. ಶನಿವಾರ, ನಾನೂ ಅಲ್ಲೇ ಇದ್ದೆ. ಆರಡಿ ಮೀರಿದ ಪ್ಲಂಬರ್ ಕುಂಟುತ್ತ ಗೇಟು ದಾಟಿ ಬಂದ. ಅಕ್ಕನ ಮಗಳು ಕಣ್ಣರಳಿಸಿದಳು. "ಡ್ಯಾಡ್, ದಟ್ಸ್ ಹಿಮ್!"

ಅದೇ ಡಿಫೆಂಡರ್! ಭಾವನ ಮುಖ ಬಿಳಿಚಿತು.

ಹಿತ್ತಲಲ್ಲಿ ಹೀಟರಿನ ಮುಂದೆ ಮಂಡಿಯೂರಲು ಅವನು ಒದ್ದಾಡುವುದನ್ನು ಭಾವ ನೋಡುತ್ತ ನಿಂತರು. ಕೊನೆಗೆ ಇಂಗ್ಲಿಷಿನಲ್ಲಿ ತೊದಲುತ್ತ, "ನಿಮ್ಮನ್ನ ತೆಗೀಬೇಕು ಅಂತ ಬರೆದೋರಲ್ಲಿ ನಾನೂ ಒಬ್ಬ" ಎಂದರು.

ಅವನು ಜೋರಾಗಿ ನಕ್ಕ. "ನನ್ನ ಮಾವನೂ ಬರೆದಿದ್ದ, ಮೇಟ್!"

ಸ್ಪ್ಯಾನರ್ ತಿರುಗಿಸುತ್ತಲೇ ಅವನು ಹೇಳಿದ: "ಕ್ಲಬ್ಬು ಬಿಟ್ಟ ಮೇಲೆ ಬೆಳಗಿನ ಹೊತ್ತೇ ಕಷ್ಟ ಆಗಿದ್ದು. ಟ್ರೈನಿಂಗಿಗೆ ಅಂತ ಎದ್ದುಬಿಡ್ತಿದ್ದೆ. ಎದ್ದು ಹೋಗೋದೆಲ್ಲಿಗೆ?" ಆಮೇಲೆ ಕೇಳಿದ, "ನೀವೇನು ಕೆಲಸ ಮಾಡ್ತೀರಿ?"

"ನನಗೆ ಕೆಲಸ ಇಲ್ಲ," ಎಂದರು ಭಾವ. ಆ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ಕೆಲಸ ಮುಗಿಯಿತು. ಅವನಿಗೆ ಮೇಲೇಳಲು ಆಗಲಿಲ್ಲ. ಭಾವ ಹೆಗಲು ಕೊಟ್ಟು ಎಬ್ಬಿಸಿದರು. ಅವನು ಎದ್ದ ಮೇಲೂ ಭಾವ ಅವನ ಅಂಗಿ ಬಿಡಲಿಲ್ಲ. ಅವನು ಸ್ಪ್ಯಾನರನ್ನು ಕೆಳಗೆ ಹಾಕಿ, ಬಿಕ್ಕುತ್ತಿದ್ದ ಭಾವನ ಬೆನ್ನ ಮೇಲೆ ಕೈಯಿಟ್ಟ.

ಅಡುಗೆಮನೆಯಲ್ಲಿ ಅಕ್ಕ ನಲ್ಲಿ ತಿರುಗಿಸಿದಳು. "ರೀ, ಬಿಸಿನೀರು..." ಎಂದು ಕೂಗಲು ಹೊರಟವಳು ಕಿಟಕಿಯಾಚೆ ನೋಡಿ, ಸದ್ದಾಗದಂತೆ ನಲ್ಲಿ ನಿಲ್ಲಿಸಿದಳು.